ಕೆಡವಿದ ಜಾಗದಲ್ಲಿ ಫಲಕವಾದರೂ ಇರಲಿ

ಮಾನ್ಯ ಸಂಪಾದಕರೇ,

ಒಂದು ಕಾಲಕ್ಕೆ ಸೌತ್ ಪರೇಡ್ ಎನಿಸಿಕೊಂಡಿದ್ದ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಮೆಟ್ರೊ ಇಳಿದಾಗಲೆಲ್ಲ ಎದೆ ಭಾರವಾಗುತ್ತದೆ. ಈ ನಿಲ್ದಾಣಕ್ಕಾಗಿಯೇ 1936ರ ಪ್ಲಾಜಾ ಚಿತ್ರಮಂದಿರವನ್ನು ಕೆಡವಲಾಯಿತು. ಇಂಡಿಯಾ ಕಾಫಿ ಹೌಸ್ 2009ರಲ್ಲಿ ಇಲ್ಲಿಂದ ಎದ್ದು ಚರ್ಚ್ ಸ್ಟ್ರೀಟ್ ಸೇರಿತು. ಬಿಳಿ ಉಡುಪು, ಪೇಟ, ಅಗಲವಾದ ಸೊಂಟಪಟ್ಟಿ ತೊಟ್ಟ ಮಾಣಿ ದಪ್ಪ ಪಿಂಗಾಣಿ ಕಪ್ಪನ್ನು ಮೇಜಿನ ಮೇಲಿಡುತ್ತಿದ್ದ ಸದ್ದು ನನಗಿನ್ನೂ ಕೇಳಿಸುತ್ತದೆ. ಒಂದೇ ಕಾಫಿಗೆ ಗಂಟೆಗಟ್ಟಲೆ ಕುಳಿತರೂ ನಮ್ಮನ್ನು ಯಾರೂ ಎಬ್ಬಿಸುತ್ತಿರಲಿಲ್ಲ.

ನಗರಕ್ಕೆ ‘ಪಬ್ ರಾಜಧಾನಿ’ ಎಂಬ ಹೆಸರು ತಂದ ಅಕ್ಕಪಕ್ಕದ ಬೀದಿಗಳ ಪಬ್‌ಗಳೂ ಹೋದವು. ಒಳಗೆ ಅಂತರಿಕ್ಷ ನೌಕೆಯಂತೆಯೇ ಕಾಣುತ್ತಿದ್ದ ಚರ್ಚ್ ಸ್ಟ್ರೀಟ್‌ನ ‘ನಾಸಾ’, ರೆಸಿಡೆನ್ಸಿ ರಸ್ತೆಯ ‘ಪಬ್ ವರ್ಲ್ಡ್’ ಈಗಿಲ್ಲ. ಕುಡಿಯುವ ಜಾಗಕ್ಕೇಕೆ ಮರುಕ ಎನ್ನುವವರಿದ್ದಾರೆ. ಬಿಯರ್ ಮಗ್ ಮುಂದಿಟ್ಟುಕೊಂಡು ಗೆಳೆಯರೊಂದಿಗೆ ರಾಕ್ ಸಂಗೀತ ಕೇಳುತ್ತ ಬೆಳೆದ ನಮಗೆ ಅದೂ ಊರಿನ ಚರಿತ್ರೆಯೇ. ಬ್ರಿಗೇಡ್ ರಸ್ತೆಯ ರೆಕ್ಸ್ ಚಿತ್ರಮಂದಿರವೂ ಉಳಿಯಲಿಲ್ಲ.

ಹಿಗ್ಗಿನ್‌ಬಾಥಮ್ಸ್ ಪುಸ್ತಕದಂಗಡಿಯ ಹಳೆಯ ಕಟ್ಟಡ ಇನ್ನೂ ನಿಂತಿದೆ. ಅಂಥವುಗಳಿಗೆ ಕಾನೂನಿನ ರಕ್ಷಣೆ ಬೇಕು. ಹೋದವುಗಳ ಜಾಗದಲ್ಲಿ ಹೆಸರು, ಇಸವಿ, ಒಂದು ಹಳೆಯ ಚಿತ್ರವಿರುವ ಕನ್ನಡ ಫಲಕವನ್ನು ಪಾಲಿಕೆ ಹಾಕಿಸಲಿ.

– ಹಳೆಯ ಓದುಗ, ಬೆಂಗಳೂರು