ಕನ್ನಡ ಚಿತ್ರಗಳ ನೆಗೆಟಿವ್‌ಗಳನ್ನು ಉಳಿಸಿಕೊಡಿ: ಮುಖ್ಯಮಂತ್ರಿಗಳಿಗೆ ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ ಗೌರವಪೂರ್ವಕ ವಂದನೆಗಳು.

ಗಿರೀಶ ಕಾಸರವಳ್ಳಿಯವರು 1977ರಲ್ಲಿ ನಿರ್ದೇಶಿಸಿದ ‘ಘಟಶ್ರಾದ್ಧ’ ಚಿತ್ರದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಬಸಿರಾದ ವಿಧವೆ ಮಗಳು ಯಮುನೆ ಬದುಕಿರುವಾಗಲೇ ಆಕೆಗೆ ಶ್ರಾದ್ಧ ಮಾಡಿ, ಮಡಕೆ ಒಡೆದು ಜಾತಿಯಿಂದ ಹೊರಗಿಡುವ ಉಡುಪರು, ಇಳಿವಯಸ್ಸಿನಲ್ಲಿ ತಾವು ಮಾತ್ರ ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾರೆ. ಒಂದೇ ಮನೆಯಲ್ಲಿ ಗಂಡಿಗೊಂದು, ಹೆಣ್ಣಿಗೊಂದು ನ್ಯಾಯ. ಈ ಕಟುವ್ಯಂಗ್ಯವನ್ನು ಯಾರ ಬಾಯಲ್ಲೂ ಭಾಷಣವಾಗಿ ಹೇಳಿಸದೆ, ವೇದ ಕಲಿಯಲು ಬಂದ ನಾಣಿಯೆಂಬ ಪುಟ್ಟ ಹುಡುಗನ ಕಣ್ಣಿನಿಂದ ಕಾಣಿಸಿದ್ದೇ ಆ ಚಿತ್ರದ ದೊಡ್ಡತನವೆಂದು ನಾನು ನಂಬಿದ್ದೇನೆ.

ಈ ಚಿತ್ರಕ್ಕೆ ಮರುಜೀವ ಬಂದದ್ದು ಅದರ ಮೂಲ ನೆಗೆಟಿವ್, ಅಂದರೆ ಕ್ಯಾಮೆರಾದಲ್ಲಿ ಚಿತ್ರೀಕರಣಗೊಂಡ ಫಿಲ್ಮ್ ಸುರುಳಿ, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದರಿಂದ. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಕೈಜೋಡಿಸಿತು, ಪ್ರಯೋಗಾಲಯದ ಕೆಲಸ ಇಟಲಿಯಲ್ಲಿ ನಡೆಯಿತು. ನೆಗೆಟಿವ್ ಇಲ್ಲದಿದ್ದರೆ ಇವರಲ್ಲಿ ಯಾರೂ ಏನೂ ಮಾಡುವಂತಿರಲಿಲ್ಲ. 1934ರಲ್ಲಿ ನಮ್ಮ ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ನಮ್ಮ ಪಾಲಿಗೆ ಉಳಿದಿಲ್ಲ.

2025-26ರ ಬಜೆಟ್‌ನಲ್ಲಿ ಕನ್ನಡ ಚಿತ್ರಗಳ ಭಂಡಾರಕ್ಕಾಗಿ 3 ಕೋಟಿ ರೂಪಾಯಿ ಘೋಷಣೆಯಾದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಆ ಹಣ ಸಿನಿಮಾಗಳನ್ನು ಹಾರ್ಡ್ ಡಿಸ್ಕಿಗೆ ಇಳಿಸುವುದರಲ್ಲೇ ಮುಗಿದುಹೋಗಬಾರದು ಎಂಬುದಷ್ಟೇ ನನ್ನ ಕಳಕಳಿ. ಹಳೆಯ ಚಿತ್ರಗಳ ಸುರುಳಿಗಳಿಗೆ ಬಳಸುತ್ತಿದ್ದ ಅಸಿಟೇಟ್ ಎಂಬ ಪ್ಲಾಸ್ಟಿಕ್‌ನ ಫಿಲ್ಮ್ ಸೆಕೆ ಮತ್ತು ತೇವಕ್ಕೆ ಸಿಕ್ಕರೆ ಒಳಗಿನಿಂದಲೇ ಕೊಳೆಯತೊಡಗುತ್ತದೆ. ಡಬ್ಬಿ ತೆರೆದೊಡನೆ ವಿನೆಗರಿನ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ, ಸುರುಳಿ ಕುಗ್ಗಿ ಸೊಟ್ಟಗಾಗುತ್ತದೆ, ಚಿತ್ರವಿರುವ ಪದರ ಕಿತ್ತುಬರುತ್ತದೆ, ಹೊರಬಿದ್ದ ಆಮ್ಲದ ಆವಿ ಪಕ್ಕದ ಡಬ್ಬಿಗಳನ್ನೂ ಕೆಡಿಸುತ್ತದೆ. ಆದ್ದರಿಂದ ಹಗಲಿರುಳೂ ತಂಪಾಗಿ ಒಣಗಿರುವ, ಕರೆಂಟು ಹೋದರೂ ನಿಲ್ಲದ ಉಗ್ರಾಣವೊಂದು ಬೆಂಗಳೂರಿನಲ್ಲಿಯೇ ಆಗಬೇಕು. ಫಿಲ್ಮ್ ಪರೀಕ್ಷಿಸಿ ದುರಸ್ತಿ ಮಾಡಬಲ್ಲ ತರಬೇತಿ ಪಡೆದ ಕಾಯಂ ಸಿಬ್ಬಂದಿ ಅಲ್ಲಿರಬೇಕು. ನಿರ್ಮಾಪಕರ ಕುಟುಂಬಗಳು ಹಕ್ಕು ಕಳೆದುಕೊಳ್ಳುವ ಅಂಜಿಕೆಯಿಲ್ಲದೆ ತಮ್ಮಲ್ಲಿರುವ ನೆಗೆಟಿವ್‌ಗಳನ್ನು ಅಲ್ಲಿ ಇಡುವಂತಾಗಬೇಕು.

ಪುನರುಜ್ಜೀವಿತ ‘ಘಟಶ್ರಾದ್ಧ’ವನ್ನು ಹಕ್ಕುದಾರರ ಒಪ್ಪಿಗೆ ಪಡೆದು ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ದೊಡ್ಡ ಪರದೆಯ ಮೇಲೆ ತೋರಿಸಲು ಚಲನಚಿತ್ರ ಅಕಾಡೆಮಿಗೆ ಸೂಚಿಸಬೇಕೆಂದೂ, ಉಗ್ರಾಣದ ಜಾಗ ಮತ್ತು ಕಾಮಗಾರಿಯ ಗಡುವನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕೆಂದೂ ತಮ್ಮಲ್ಲಿ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕನ್ನಡ ಚಿತ್ರಗಳ ಒಬ್ಬ ಪ್ರೇಕ್ಷಕಿ
ಬೆಂಗಳೂರು