ಲಾಲ್‌ಬಾಗ್ ವಿಷಯವಾಗಿ ಏಳನೇ ತರಗತಿ ಪೋಷಕರಿಗೆ

ಪ್ರಿಯ ಪೋಷಕರೇ, ನಮಸ್ಕಾರ.

ಕಳೆದ ವಾರ ಮಕ್ಕಳನ್ನು ಲಾಲ್‌ಬಾಗ್‌ಗೆ ಕರೆದುಕೊಂಡು ಹೋದಾಗ ನಡೆದದ್ದು ನಿಮಗೆಲ್ಲ ಗೊತ್ತಾಗಿದೆ. ವಾಟ್ಸಾಪ್ ಗುಂಪಿನಲ್ಲಿ ಮಾತು ಜಾಸ್ತಿಯೇ ಆಗಿದೆ. ಕೆಲವರು ಫೋನ್ ಮಾಡಿದಿರಿ, ಕೆಲವರು ಆಫೀಸಿಗೇ ಬಂದಿರಿ. ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ಊಟ ಮುಗಿಸಿ ಕೆರೆ ಕಡೆ ಹೊರಟಾಗ ಕೆಲವು ಮಕ್ಕಳು ಹಿಂದೆ ಉಳಿದು, ಕೈವಾರದ ಮೊನೆಯಿಂದ ಆಲದ ಜಾತಿಯ ಒಂದು ಹಳೇ ಮರದ ಮೇಲೆ ಹೆಸರು ಕೆತ್ತಿದರು. ಕಾವಲುಗಾರರು ನೋಡಿ ನಮ್ಮ ಶಿಕ್ಷಕಿಯನ್ನು ಕರೆದರು. "ಟೀಚರ್‌ಗಳು ಏನು ಮಾಡ್ತಿದ್ರು?" ಎಂದು ಕೇಳಿದ್ದೀರಿ. ಕೇಳಲೇಬೇಕಾದ ಪ್ರಶ್ನೆ. ಸಾಲಿನ ಮುಂದೆ ಒಬ್ಬರಿದ್ದರು, ಹಿಂದೆ ಒಬ್ಬರಿದ್ದರು. ಹಿಂದಿದ್ದವರು ಬಿದ್ದು ಮಂಡಿ ತರಚಿಕೊಂಡ ಮಗುವಿಗೆ ಬ್ಯಾಂಡೇಜ್ ಹಾಕುತ್ತಿದ್ದರು. ಅವರ ಕಡೆಯಿಂದ ತಪ್ಪಾಗಿಲ್ಲ ಎಂದೇ ನಾನು ಹೇಳುತ್ತೇನೆ.

ಮಾರನೇ ದಿನ ನಾನೇ ಹೋಗಿ ಆ ಮರ ನೋಡಿ ಬಂದೆ. ಅಕ್ಷರದ ಗೆರೆಗಳಿಂದ ಹಾಲು ಇಳಿದು ಒಣಗಿತ್ತು, ಅದಕ್ಕೆ ಇರುವೆ ಮುತ್ತಿದ್ದವು. ಒಂದು ಹೆಸರಿನ ಕೊನೆಯ ಒತ್ತು ಅರ್ಧಕ್ಕೇ ನಿಂತಿತ್ತು, ಕಾವಲುಗಾರರು ಬಂದದ್ದು ಆಗಲೇ ಇರಬೇಕು.

"ಎಲ್ಲರೂ ಕೆತ್ತುತ್ತಾರೆ, ಮರಕ್ಕೇನಾಗುತ್ತೆ?" ಎಂದು ಒಬ್ಬ ತಂದೆ ಕೇಳಿದರು. ಆಗುತ್ತದೆ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಮೈಯಲ್ಲೇ. ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯುವುದಿಲ್ಲ. ಸುತ್ತಲಿನಿಂದ ಹೊಸ ತೊಗಟೆ ಬೆಳೆದು ಮುಚ್ಚಿಕೊಳ್ಳಬೇಕು, ಅಷ್ಟೇ. ಅದು ಮುಚ್ಚುವ ಮೊದಲು ಶಿಲೀಂಧ್ರ ಒಳಗೆ ಸೇರಿದರೆ ಕಾಂಡ ಒಳಗೊಳಗೇ ಕೊಳೆಯುತ್ತಾ ಹೋಗುತ್ತದೆ.

ಇನ್ನು ನಿಮ್ಮಲ್ಲಿ ಬಹಳ ಜನಕ್ಕೆ ಬೇಸರವಾಗಿರುವ ವಿಷಯ. ಈ ತಿಂಗಳ ಕೊನೆಯ ಶನಿವಾರ ಇಡೀ ಏಳನೇ ತರಗತಿ ಮತ್ತೆ ಲಾಲ್‌ಬಾಗ್‌ಗೆ ಹೋಗುತ್ತದೆ. ಪ್ರತಿ ಮಗುವಿನ ಜೊತೆ ಮನೆಯಿಂದ ಒಬ್ಬ ದೊಡ್ಡವರು ಬರಬೇಕು. "ಮಾಡಿದವರು ಯಾರೋ, ನನ್ನ ಮಗಳಿಗೆ ಯಾಕೆ ಶಿಕ್ಷೆ?" ಎಂದು ಕೇಳಿದ್ದೀರಿ. ಇದು ಶಿಕ್ಷೆ ಅಲ್ಲ. ಯಾರ ಹೆಸರನ್ನೂ ಪ್ರಾರ್ಥನೆಯ ಹೊತ್ತಲ್ಲಿ ಹೇಳಿಲ್ಲ, ಹೇಳುವುದೂ ಇಲ್ಲ. ಯಾರ ಅಂಕವನ್ನೂ ಕಳೆಯುವುದಿಲ್ಲ. ಕೆತ್ತಿದ ಮಕ್ಕಳು ತೋಟಗಾರಿಕೆ ಇಲಾಖೆಗೆ ತಾವೇ ಕ್ಷಮೆ ಪತ್ರ ಬರೆದಿದ್ದಾರೆ, ಅಲ್ಲಿಗೆ ಅದು ಮುಗಿಯಿತು. ಆದರೆ ಕೆತ್ತುವುದನ್ನು ನೋಡುತ್ತಾ ನಿಂತಿದ್ದ ಮಕ್ಕಳು ಇನ್ನೂ ಜಾಸ್ತಿ ಇದ್ದರು. ಒಬ್ಬರೂ ಬೇಡ ಅನ್ನಲಿಲ್ಲ. ನನಗೆ ಹೆಚ್ಚು ನೋವಾದದ್ದು ಇದಕ್ಕೆ.

ಒಂದು ಶನಿವಾರದ ಪಾಠ ಹೋಗುತ್ತದೆ ಎಂಬ ಆತಂಕ ನನಗೂ ಅರ್ಥವಾಗುತ್ತದೆ. ಆ ಪಾಠಗಳನ್ನು ಮುಂದಿನ ವಾರ ಮುಗಿಸಿಕೊಡುತ್ತೇವೆ. ಅಂಗಡಿ ಇರುವವರಿಗೆ, ಶನಿವಾರ ಡ್ಯೂಟಿ ಇರುವವರಿಗೆ ಕಷ್ಟ ಅಂತಲೂ ಗೊತ್ತು. ಅಪ್ಪ ಅಮ್ಮನೇ ಬರಬೇಕೆಂದಿಲ್ಲ. ಅಜ್ಜಿ, ತಾತ, ಚಿಕ್ಕಪ್ಪ ಯಾರಾದರೂ ಸರಿ. ತಾತಂದಿರು ಬಂದರೆ ಇನ್ನೂ ಒಳ್ಳೆಯದು, ಫಲಪುಷ್ಪ ಪ್ರದರ್ಶನಕ್ಕೆ ಸಾಲು ನಿಂತ ಕಥೆ ಅವರ ಹತ್ತಿರ ಬೇಕಾದಷ್ಟಿರುತ್ತದೆ, ಅಲ್ವಾ?

"ಅಷ್ಟಕ್ಕೂ ಅದೊಂದು ಪಾರ್ಕ್, ರೆಸಾರ್ಟಿಗಾದ್ರೂ ಕರ್ಕೊಂಡು ಹೋಗಿ" ಎಂಬ ಮಾತೂ ಬಂತು. ಈ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. 1760ರಲ್ಲಿ ಹೈದರ್ ಅಲಿ ಶುರು ಮಾಡಿಸಿದ ತೋಟ ಅದು. ಟಿಪ್ಪು ದೇಶ ವಿದೇಶಗಳಿಂದ ಬೀಜ, ಸಸಿ ತರಿಸಿ ಬೆಳೆಸಿದರು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದು 1889ರಲ್ಲಿ. ನಾವು ಸಾಂಬಾರಿಗೆ ಹಾಕುವ ಸೀಮೆ ಬದನೆಕಾಯಿ ನಮ್ಮೂರಿಗೆ ಬಂದದ್ದು ಜಾನ್ ಕ್ಯಾಮರೂನ್ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ. ಅವರ ನಂತರ ಜರ್ಮನಿಯ ಕ್ರುಂಬಿಗಲ್ ಬಂದರು. ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು ಎಂದು ಲೆಕ್ಕ ಹಾಕಿ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸಿದವರು ಅವರು. ಮುಂದೆ ಜವರಾಯ, ಮರೀಗೌಡ ಅವರಂಥ ನಮ್ಮವರು ಅದನ್ನು ಇನ್ನೂ ಬೆಳೆಸಿದರು. ಇವತ್ತು ಅದು 240 ಎಕರೆ. ಕೆಂಪೇಗೌಡರ ಗೋಪುರ ಇರುವ ಬಂಡೆಗೆ ಸುಮಾರು 300 ಕೋಟಿ ವರ್ಷ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಮ್ಮ ಮಕ್ಕಳು ಅದರ ಮೇಲೆ ಕೂತು ಚಿಪ್ಸ್ ತಿಂದು ಬರುತ್ತಾರೆ, ಸುಮ್ನೆ ಒಂದು ದಿಬ್ಬ ಅಂದುಕೊಂಡು.

ಕೋಟೆಯ ಕಲ್ಲು ಬಿದ್ದರೆ ಎತ್ತಿ ಕೂರಿಸಬಹುದು. ಈ ತೋಟದ ಪರಂಪರೆ ಇರುವುದು ಜೀವ ಇರುವ ಮರಗಳಲ್ಲಿ. ನೂರು ವರ್ಷದ ಮರ ಹೋದರೆ ಅಂಥದ್ದೇ ಇನ್ನೊಂದಕ್ಕೆ ನೂರು ವರ್ಷ ಕಾಯಬೇಕು. ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್ ಉಳಿಸಲೆಂದೇ 1975ರಲ್ಲಿ ಕಾಯ್ದೆ ಆಗಿದೆ. ಈ ಸಲ ಮಕ್ಕಳು ಅಂತ ತೋಟದವರು ಬುದ್ಧಿ ಹೇಳಿ ಬಿಟ್ಟರು.

ಆದ್ದರಿಂದ ಶನಿವಾರದ ಕಾರ್ಯಕ್ರಮ ರದ್ದಾಗುವುದಿಲ್ಲ. ಮತ್ತೊಮ್ಮೆ ಹೇಳುತ್ತೇನೆ, ಇದು ಶಿಕ್ಷೆ ಅಲ್ಲ. ಪ್ರತಿ ಮಗು ಒಂದೊಂದು ಮರ ಆರಿಸಿಕೊಂಡು ಅದರ ಎಲೆ, ತೊಗಟೆ, ಬೋರ್ಡಿನಲ್ಲಿರುವ ಹೆಸರು ನೋಡಿ ಬರೆಯುತ್ತದೆ, ನೀವು ಪಕ್ಕದಲ್ಲಿ ಇರುತ್ತೀರಿ. ನಿಜವಾಗಿಯೂ ಯಾರೂ ಬರಲಾಗದ ಮನೆ ಇದ್ದರೆ ನನಗೆ ಒಂದು ಮಾತು ತಿಳಿಸಿ, ಆ ಮಗುವಿನ ಜೊತೆ ನಾನೇ ಇರುತ್ತೇನೆ. ಕೈವಾರ, ಬ್ಲೇಡು, ಪ್ಲಾಸ್ಟಿಕ್ ಬಾಟಲಿ ಇನ್ನು ಮುಂದೆ ಯಾವ ಪ್ರವಾಸಕ್ಕೂ ಬೇಡ.

ಜೊತೆಗಿರುವ ಚೀಟಿಯಲ್ಲಿ ಯಾರು ಬರುತ್ತೀರಿ ಎಂದು ಬರೆದು ಸಹಿ ಮಾಡಿ ಸೋಮವಾರದೊಳಗೆ ಕಳಿಸಿ.

ಇಂತಿ,
ಮುಖ್ಯೋಪಾಧ್ಯಾಯಿನಿ