ಕಪ್ಪಿನ ಮೇಲಿನ ಕಪ್ಪನ್ನು ತೋರಿಸಿಕೊಟ್ಟವರಿಗೆ

ಹೆಸರು ಹೇಳದೆ ಹೊರಟುಹೋದ ಹಿರಿಯರೇ, ನಿಮಗೆ ಮನಸಾರೆ ಧನ್ಯವಾದ.

ಅಂದು ನನ್ನ ಸ್ಟುಡಿಯೋದಲ್ಲಿ ಕುಳಿತಿದ್ದದ್ದು ಹದಿಮೂರು ವರ್ಷದ ಕಪ್ಪು ಲ್ಯಾಬ್ರಡಾರ್. ಮನೆಯವರಿಗೆ ಕಪ್ಪು ಹಿನ್ನೆಲೆಯೇ ಬೇಕಿತ್ತು. ನಾನು ಎದುರಿನ ಎಲ್‌ಇಡಿ ದೀಪವನ್ನು ಹೆಚ್ಚಿಸುತ್ತಲೇ ಹೋದೆ. ಮೈ ಬೂದಿ ಬಳಿದಂತೆ ಕಂಡಿತು, ಕಿವಿಗಳು ಪರದೆಯಲ್ಲಿ ಕರಗಿಹೋದವು. ಪಾಸ್‌ಪೋರ್ಟ್ ಫೋಟೋಗೆಂದು ಬಂದು ಕಾಯುತ್ತಿದ್ದ ನೀವು ಎದ್ದು ಬಂದಿರಿ.

"ಕಪ್ಪು ಕೂದಲು ಬೆಳಕನ್ನು ನುಂಗುತ್ತದೆ, ಅದರ ಹೊಳಪು ಮಾತ್ರ ಕನ್ನಡಿಯಂತೆ ತಿರುಗಿಸಿ ಕೊಡುತ್ತದೆ. ಆ ಹೊಳಪನ್ನು ಹಿಡಿಯಿರಿ" ಎಂದಿರಿ. ನಾಯಿಯನ್ನು ಪರದೆಯಿಂದ ಆರು ಅಡಿ ಮುಂದಕ್ಕೆ ಕರೆತಂದಿರಿ. ಬೆಳಕನ್ನು ಮೆತ್ತಗೆ ಹರಡುವ ದೀಪದ ಪೆಟ್ಟಿಗೆಗಳಾದ ಎರಡು ಉದ್ದನೆಯ ಸ್ಟ್ರಿಪ್ ಸಾಫ್ಟ್‌ಬಾಕ್ಸ್‌ಗಳನ್ನು ಅದರ ಹಿಂಬದಿಯ ಎರಡೂ ಮಗ್ಗುಲಿಗೆ ಸರಿಸಿ, ಓರೆಯಾಗಿ ಮುಂದಕ್ಕೆ ತಿರುಗಿಸಿ, ಬೆಳಕು ಲೆನ್ಸಿಗೆ ಬೀಳದಂತೆ ಅವಕ್ಕೆ ಜಾಲರಿಯಂಥ ಗ್ರಿಡ್ ಹಾಕಿಸಿದಿರಿ. ಎದುರಿಗೆ ಉಳಿದದ್ದು ಕಣ್ಣಿಗಿಂತ ತುಸು ಎತ್ತರದ ಒಂದೇ ಮೆತ್ತನೆಯ ದೀಪ. ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರ್ ಕಪ್ಪನ್ನೂ ಬೂದು ಮಾಡಲು ನೋಡುತ್ತದೆ ಎಂದು ಎಕ್ಸ್‌ಪೋಷರನ್ನು (ಚಿತ್ರಕ್ಕೆ ಒಳಬಿಡುವ ಬೆಳಕನ್ನು) ಒಂದೂವರೆ ಸ್ಟಾಪ್ ಇಳಿಸಿದಿರಿ; ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ. ಬೆಳಕು ಸಾಲದೆಂದು ಒದ್ದಾಡುತ್ತಿದ್ದ ನನಗೆ ಇಳಿಸುವ ಮಾತೇ ಹೊಳೆದಿರಲಿಲ್ಲ!

ಮುಂದಿನ ಚಿತ್ರದಲ್ಲಿ ಕಿವಿಯ ಅಂಚಿಗೆ ಬೆಳ್ಳಿಯ ಗೆರೆ ಮೂಡಿತ್ತು. ಎದೆಯ ಸುಳಿ, ಒದ್ದೆ ಮೂಗಿನ ಸಣ್ಣ ಸಣ್ಣ ಉಬ್ಬು, ಕಂದು ಕಣ್ಣಿನೊಳಗೆ ಒಂದು ಚುಕ್ಕೆ ಬೆಳಕು, ಎಲ್ಲವೂ ಇದ್ದವು. ಇಷ್ಟಾಗಿಯೂ ಮೈ ಅಪ್ಪಟ ಕಪ್ಪು.

ಆ ಮನೆಯ ಅಜ್ಜಿ ಚಿತ್ರವನ್ನು ಕೈಗೆತ್ತಿಕೊಂಡು, ಅದರಲ್ಲಿದ್ದ ನಾಯಿಯ ಗದ್ದದ ನರೆಗೂದಲನ್ನು ಬೆರಳಿನಿಂದ ಸವರಿದರು. ಅದನ್ನು ನೀವು ನೋಡಬೇಕಿತ್ತು. ನಿಮ್ಮ ಪಾಸ್‌ಪೋರ್ಟ್ ಫೋಟೋಗಳು ಇನ್ನೂ ನನ್ನ ಮೇಜಿನ ಮೇಲೆಯೇ ಇವೆ, ದಯವಿಟ್ಟು ಬನ್ನಿ.